ಪೆಂಡಾಲಿಗೆ ರ‍್ಯಾಂಪ್ ಮತ್ತು ಯುಡಿಐಡಿ ಕಾರ್ಡ್

ಎಲ್ಲರಿಗೂ ನಮಸ್ಕಾರ. ಈ ಸಲ ಗಣೇಶನ ಪೆಂಡಾಲಿಗೆ ಮೆಟ್ಟಿಲಿನ ಪಕ್ಕದಲ್ಲೇ ರ‍್ಯಾಂಪ್ ಹಾಕಿಸೋಣ. ಶಾಮಿಯಾನದವರಿಗೆ ಅಳತೆ ಸರಿಯಾಗಿ ಹೇಳಬೇಕು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ವೇದಿಕೆ ಒಂದೂವರೆ ಅಡಿ, ಅಂದರೆ 18 ಅಡಿ. ಜಾಸ್ತಿ ಅನ್ನಿಸುತ್ತೆ, ಆದರೆ ಸುಮ್ನೆ ಒಂದು ಹಲಗೆ ಒರಗಿಸಿದರೆ ವೀಲ್‌ಚೇರ್ ಹಿಂದಕ್ಕೆ ಜಾರುತ್ತದೆ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುವುದು ನಮಗೆ ಸಹಾಯ, ಕೂತವರಿಗೆ ಮುಜುಗರ ಅಲ್ವಾ?

ಮಕ್ಕಳ ಹಾಡು, ಆಟಗಳಿಗೆ ಹೆಸರು ಕೊಡುವಾಗ ಅಂಗವೈಕಲ್ಯ ಇರುವ ಮಕ್ಕಳ ಮನೆಯವರು "ನಮ್ಮವನಿಗೆ ಬೇಡ ಬಿಡಿ" ಅನ್ನಬೇಡಿ, ದಯವಿಟ್ಟು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ತಂದವರು. ನಮ್ಮ ಮಕ್ಕಳು ಪದಕ ತರಬೇಕಿಲ್ಲ, ಆಡಿದರೆ ಸಾಕು.

ಯುಡಿಐಡಿ ಕಾರ್ಡ್ (ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇನ್ನೂ ಮಾಡಿಸದವರು ಹಿಂಜರಿಯದೆ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ, ತಲಸ್ಸೇಮಿಯಾ, ಕಲಿಕೆಯ ತೊಂದರೆ ಕೂಡ ಸೇರಿವೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಊರಲ್ಲಿರುವ ನೆಂಟರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಲಿ. ಭಾನುವಾರ ಬೆಳಿಗ್ಗೆ ಪೆಂಡಾಲ್ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇವೆ. ಆಧಾರ್, ಫೋಟೊ ತನ್ನಿ.