ನೆಲ ಏರಿದರೂ ಮನೆ ಕುಸಿಯುತ್ತದೆ

ಮಾನ್ಯ ಸಂಪಾದಕರೇ,

ಸ್ಟಾಕ್‌ಹೋಮಿನ ಹಳೇ ಪಟ್ಟಣ ಗಾಮ್ಲಾ ಸ್ಟಾನ್ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ‘ದ್ವೀಪದ ನೆಲ ಮೇಲೇಳುತ್ತಿರುವುದರಿಂದ ಕಟ್ಟಡಗಳಿಗೆ ಕುಸಿಯುವ ಭಯವಿಲ್ಲ’ ಎಂಬ ಮಾತು ತಪ್ಪು. ಹಿಮಯುಗದ ಮಂಜಿನ ಭಾರ ಇಳಿದ ನೆಲ ಅಲ್ಲಿ ಈಗಲೂ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಏರುತ್ತಿದೆ, ನಿಜ. ಕುಸಿತಕ್ಕೆ ಕಾರಣ ಮನೆಗಳ ಅಡಿಯಲ್ಲಿರುವ ಮರ.

ದ್ವೀಪದ ನಡುಭಾಗ ಗಟ್ಟಿ ಗರಸು ದಿಬ್ಬ. ತೊಂದರೆಯೆಲ್ಲ ಅಂಚಿನದು. ಓಸ್ಟರ್‌ಲೋಂಗ್‌ಗಾಟನ್ ಬೀದಿಯಿಂದ ಶೆಪ್ಸ್‌ಬ್ರೂನ್ ಹಡಗುಕಟ್ಟೆಯವರೆಗಿನ ಜಾಗ ಒಂದು ಕಾಲಕ್ಕೆ ನೀರು. ಕಲ್ಲು, ಮಣ್ಣು, ಕಸ ತುಂಬಿ ಅದನ್ನು ನೆಲ ಮಾಡಿಕೊಂಡರು. 17ನೇ ಶತಮಾನದಲ್ಲಿ ಕಟ್ಟೆಯುದ್ದಕ್ಕೂ ವರ್ತಕರ ಭಾರೀ ಮನೆಗಳು ಎದ್ದವು. ಇಂಥ ಮೆತ್ತನೆ ನೆಲದಲ್ಲಿ ಮರದ ಕಂಬಗಳನ್ನು ಹೊಡೆದಿಳಿಸಿ, ಇಲ್ಲವೇ ದಿಮ್ಮಿಗಳನ್ನು ತೆಪ್ಪದಂತೆ ಹಾಸಿ, ಮೇಲೆ ಗೋಡೆ ಕಟ್ಟುತ್ತಿದ್ದರು.

ಅಂತರ್ಜಲದಲ್ಲಿ ಪೂರ್ತಿ ಮುಳುಗಿದ ಮರಕ್ಕೆ ಗಾಳಿ ತಾಗದು. ನೂರಾರು ವರ್ಷ ಬಾಳುತ್ತದೆ. ನೀರಿನ ಮಟ್ಟ ಕಂಬದ ತಲೆಗಿಂತ ಒಂದು ಗೇಣು ಇಳಿದರೂ ಸಾಕು, ಶಿಲೀಂಧ್ರ ಹತ್ತಿ ಆ ಗೇಣಷ್ಟು ಭಾಗ ಮೆತ್ತಗಾಗುತ್ತದೆ. ನೆಲದಡಿಯ ಸುರಂಗಗಳು, ಸೋರುವ ಹಳೇ ಚರಂಡಿಗಳು ನೀರನ್ನು ಎಳೆದುಕೊಳ್ಳುತ್ತವೆ. ಕಲ್ಲು ಹಾಸಿದ ಬೀದಿಯಲ್ಲಿ ಮಳೆನೀರು ಸರಿಯಾಗಿ ಇಂಗುವುದೂ ಇಲ್ಲ. ನೆಲ ಏರುವುದರಿಂದಲೂ ಲಾಭವಿಲ್ಲ: ನೆಲದೊಡನೆ ಮರವೂ ಏರಿ ನೀರಿನ ಮಟ್ಟದಿಂದ ಹೊರಬೀಳುವ ಅಪಾಯ ಹೆಚ್ಚುತ್ತದೆ.

ಕಿಟಕಿಯ ಕೆಳದಂಡೆ ಒಂದು ಕಡೆಗೆ ವಾಲಿರುವುದು, ಅದರ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓಡುವ ಬಿರುಕು ಇದರ ಗುರುತು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿಡಬೇಕು. ಗೋಡೆ ಇನ್ನೂ ಅಲುಗುತ್ತಿದ್ದರೆ ಅದು ಒಡೆಯುತ್ತದೆ. ಅಲುಗುವುದು ನಿಲ್ಲದೆ ಬಿರುಕಿಗೆ ಸಿಮೆಂಟು ಮೆತ್ತಿದರೆ ಪಕ್ಕದಲ್ಲೇ ಇನ್ನೊಂದು ತೆರೆದುಕೊಳ್ಳುತ್ತದೆ.

ದುರಸ್ತಿ ನಿಧಾನದ ಕೆಲಸ. ಮೊದಲು ಕೊಳವೆ ಇಳಿಸಿ ಎಲ್ಲ ಋತುಗಳಲ್ಲೂ ನೀರಿನ ಮಟ್ಟ ಅಳೆಯಬೇಕು. ಕಂಬ ಕೊಳೆತಿದ್ದರೆ ಗೋಡೆಯಡಿ ತುಂಡು ತುಂಡಾಗಿ ಅಗೆದು, ಗಟ್ಟಿ ಪದರ ಸಿಗುವವರೆಗೆ ಉಕ್ಕಿನ ಕಂಬ ಇಳಿಸಿ, ಕಾಂಕ್ರೀಟ್ ತೊಲೆಯ ಮೂಲಕ ಭಾರವನ್ನು ಅವುಗಳಿಗೆ ವರ್ಗಾಯಿಸಬೇಕು. ಒಂದೇ ಬಾರಿಗೆ ಉದ್ದಕ್ಕೂ ಅಗೆದರೆ ಗೋಡೆಯೇ ಕೂರುತ್ತದೆ. ಸಾಲುಮನೆಗಳಿಗೆ ಗೋಡೆ ಒಂದೇ ಆದ್ದರಿಂದ ಒಂದು ಮನೆಯನ್ನಷ್ಟೇ ಭದ್ರಪಡಿಸಿದರೆ ಪಕ್ಕದ್ದು ಮಾತ್ರ ಇಳಿದು ನಡುವೆ ಸೀಳು ಬಿಡುತ್ತದೆ. ನೆರೆಯವರು ಒಟ್ಟಾಗಿ ಮಾಡಿಸುವುದೇ ಸರಿ.

ಚಿತ್ರದಡಿಯ ಬರಹವನ್ನೂ ತಿದ್ದಬೇಕು. ಗೋಡೆಗಳ ಮೇಲಿನ ಕಪ್ಪು ಕಬ್ಬಿಣದ ಪಟ್ಟಿಗಳು ‘ಅಲಂಕಾರ’ವಲ್ಲ. ಒಳಗಿನ ತೊಲೆಗಳ ತುದಿಗೆ ಬಿಗಿದು, ಗೋಡೆ ಹೊರಕ್ಕೆ ಉಬ್ಬದಂತೆ ಹಿಡಿದಿರುವ ಕೊಂಡಿಗಳು ಅವು.

— ಒಬ್ಬ ಸಿವಿಲ್ ಎಂಜಿನಿಯರ್, ಮೈಸೂರು