ಡಿಸ್ಕ್ ಡ್ರೈವ್‌ನ ವೇಗ: ತಂತ್ರಾಂಶಗಳು ಪೂರ್ಣ ಲೆಕ್ಕ ತೋರಿಸಲಿ

ಮಾನ್ಯ ಸಂಪಾದಕರೇ,

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಸಿಡಿ, ಡಿವಿಡಿಗಳಲ್ಲಿ ಬರೆಸಿಟ್ಟ ಮದುವೆಯ ವಿಡಿಯೊ, ಯಕ್ಷಗಾನದ ಧ್ವನಿಮುದ್ರಣ, ಮನೆಮಂದಿಯ ಫೋಟೊಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವ ಕೆಲಸ ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲದಿರುವುದರಿಂದ ಯುಎಸ್‌ಬಿಗೆ ಜೋಡಿಸುವ ತೆಳು ಡ್ರೈವನ್ನು ಜನ ಕೊಂಡು ತರುತ್ತಾರೆ. ಅದರ ಪೆಟ್ಟಿಗೆಯ ಮೇಲೆ ಸಿಡಿಗೆ 24 ಎಕ್ಸ್, ಡಿವಿಡಿಗೆ 8 ಎಕ್ಸ್ ಎಂದು ಮುದ್ರಿಸಿರುತ್ತದೆ. ಕಂಪ್ಯೂಟರಿನಲ್ಲಿ ನೋಡಿದರೆ ಒಮ್ಮೆ 24 ಎಂದೂ ಇನ್ನೊಮ್ಮೆ 62 ಎಂದೂ ಕಾಣಿಸುತ್ತದೆ, ಡಿವಿಡಿಯ ನಕಲು ಶುರುವಾದಾಗ 3.3 ಎಂಬ ಅಂಕಿ ಮೂಡುತ್ತದೆ. ಇಷ್ಟರಿಂದಲೇ ಡ್ರೈವ್ ಕೆಟ್ಟಿದೆಯೆಂದು ತೀರ್ಮಾನಿಸಿ ಅಂಗಡಿಗೆ ಹಿಂದಿರುಗಿಸುವವರಿದ್ದಾರೆ. ಡ್ರೈವಿನಲ್ಲಿ ದೋಷವಿಲ್ಲ, ಅದು ಹೇಳಿದ್ದನ್ನು ತಂತ್ರಾಂಶ ಅರ್ಧಂಬರ್ಧ ತೋರಿಸುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಎಕ್ಸ್ ಎಂದರೆ ಆಯಾ ಬಗೆಯ ಡಿಸ್ಕಿನ ಮೂಲ ವೇಗದ ಎಷ್ಟು ಪಟ್ಟು ಎಂದಷ್ಟೇ. ಆ ಮೂಲ ವೇಗ ಎಲ್ಲ ಡಿಸ್ಕಿಗೂ ಒಂದೇ ಅಲ್ಲ. ಹಾಡಿನ ಸಿಡಿಯಲ್ಲಿ ಸೆಕೆಂಡಿಗೆ 75 ಸೆಕ್ಟರ್‌ಗಳು (ಡಿಸ್ಕಿನ ದತ್ತಾಂಶದ ತುಣುಕುಗಳು), ಪ್ರತಿ ಸೆಕ್ಟರ್‌ನಲ್ಲಿ 2,352 ಬೈಟ್‌ಗಳು, ಒಟ್ಟು 1,76,400 ಬೈಟ್‌ಗಳು ಓದಲ್ಪಡುತ್ತವೆ. ಕಡತಗಳನ್ನು ತುಂಬಿದ ಸಿಡಿಯಲ್ಲಿ ಅದೇ ಸೆಕ್ಟರ್‌ನ ಒಂದು ಭಾಗ ದೋಷ ಸರಿಪಡಿಸುವ ಸಂಕೇತಗಳಿಗೆ ಮತ್ತು ವಿಳಾಸಕ್ಕೆ ಹೋಗುವುದರಿಂದ ನಮ್ಮ ಕೈಗೆ ಸಿಗುವುದು 2,048 ಬೈಟ್ ಮಾತ್ರ. ಆಗ 1 ಎಕ್ಸ್ ಎಂದರೆ ಸೆಕೆಂಡಿಗೆ 1,53,600 ಬೈಟ್. ಡಿವಿಡಿಯ 1 ಎಕ್ಸ್ ಇದರ ಸುಮಾರು ಒಂಬತ್ತು ಪಟ್ಟು, ಅಂದರೆ 13,85,000 ಬೈಟ್. ಬ್ಲೂ-ರೇಯಲ್ಲಿ ಅದು 45 ಲಕ್ಷ ಬೈಟ್. ಹೀಗಿರುವಾಗ ಡಿಸ್ಕಿನ ಬಗೆಯನ್ನು ಹೇಳದೆ ಬರಿಯ 24 ಎಂದೋ 62 ಎಂದೋ ತೋರಿಸಿದರೆ ಆ ಅಂಕಿಯಿಂದ ಬಳಕೆದಾರ ತಿಳಿದುಕೊಳ್ಳುವುದು ಏನೂ ಇಲ್ಲ.

ಡ್ರೈವ್ ತಾನಾಗಿ ಎಕ್ಸ್ ಲೆಕ್ಕದಲ್ಲಿ ಮಾತಾಡುವುದೇ ಇಲ್ಲ. ಎಂಎಂಸಿ ಎಂಬ ಆದೇಶಗಳ ಮಾನದಂಡದ ಪ್ರಕಾರ ಅದು ತನ್ನ ವೇಗವನ್ನು ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂದು ತಿಳಿಸುತ್ತದೆ, ಅಲ್ಲಿ ಕಿಲೋ ಎಂದರೆ 1,024 ಅಲ್ಲ, 1,000. ಅದನ್ನು ಭಾಗಿಸಿ ಎಕ್ಸ್ ಮಾಡುವುದು ತಂತ್ರಾಂಶದ ಕೆಲಸ, ಎಡವಟ್ಟಾಗುವುದೂ ಅಲ್ಲಿಯೇ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಡಿಸ್ಕ್ ಡ್ರೈವನ್ನು ನಡೆಸುವ ಚಾಲಕ ತಂತ್ರಾಂಶವನ್ನೇ ನೋಡೋಣ. ಒಳಗಿರುವುದು ಸಿಡಿಯೋ ಡಿವಿಡಿಯೋ ಎಂದು ನೋಡದೆ ಅದು ಡ್ರೈವ್ ಕೊಟ್ಟ ಅಂಕಿಯನ್ನು ಹಾಡಿನ ಸಿಡಿಯ 1 ಎಕ್ಸ್ ಆದ 176ರಿಂದ ಭಾಗಿಸುತ್ತದೆ. 8 ಎಕ್ಸ್ ಡಿವಿಡಿಯ ವೇಗ 11,080 ಕಿಲೋಬೈಟ್; ಅದನ್ನು 176ರಿಂದ ಭಾಗಿಸಿ ಶೇಷ ಬಿಟ್ಟರೆ 62. ಮೇಜಿನ ಕಂಪ್ಯೂಟರಿನ 16 ಎಕ್ಸ್ ಡ್ರೈವ್ ಇದೇ ಲೆಕ್ಕದಲ್ಲಿ 125 ಎಕ್ಸ್ ಆಗಿಬಿಡುತ್ತದೆ. ವೇಗವನ್ನು ನಿಗದಿಪಡಿಸುವಾಗಲೂ ಇದೇ ತೊಡಕು. ಗೀರುಬಿದ್ದ ಡಿವಿಡಿಯನ್ನು ನಿಧಾನವಾಗಿ ಓದಿಸೋಣವೆಂದು ಲಿನಕ್ಸಿನಲ್ಲಿ ಡ್ರೈವಿನ ವೇಗವನ್ನೂ ನಿಗದಿಪಡಿಸಬಲ್ಲ ಎಜೆಕ್ಟ್ ಆದೇಶದಲ್ಲಿ 8 ಎಂದು ಕೊಟ್ಟರೆ ಕರ್ನಲ್ ಅದನ್ನು 177ರಿಂದ ಗುಣಿಸಿ 1,416 ಕಿಲೋಬೈಟ್ ಎಂದು ಡ್ರೈವಿಗೆ ಹೇಳುತ್ತದೆ. ಡಿವಿಡಿಯ ಲೆಕ್ಕದಲ್ಲಿ ಅದು 1 ಎಕ್ಸ್‌ಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಸಿಡಿ ಮಾತ್ರ ಇದ್ದ ಕಾಲದಲ್ಲಿ ಬರೆದ ಸಾಲುಗಳಿಗೆ ಆಗ ಅರ್ಥವಿತ್ತು ಎಂಬುದನ್ನು ಒಪ್ಪುತ್ತೇನೆ. ಡಿವಿಡಿ ಬಂದ ಮೇಲೆ ತೆರೆಯ ಮೇಲಿನ ವಿವರಣೆಯನ್ನಾದರೂ ತಿದ್ದಬೇಕಿತ್ತು. ಡಿಸ್ಕ್ ಬರೆಯುವ ಸಿಡಿರೆಕಾರ್ಡ್ ತಂತ್ರಾಂಶ ಈ ವಿಷಯದಲ್ಲಿ ಮೆಚ್ಚುವಂತಿದೆ: ಅದು ಕಿಲೋಬೈಟಿನ ಅಂಕಿಯನ್ನು ಮೊದಲು ಕೊಟ್ಟು, ಸಿಡಿಯ ಲೆಕ್ಕದಲ್ಲಿ ಎಷ್ಟು, ಡಿವಿಡಿಯ ಲೆಕ್ಕದಲ್ಲಿ ಎಷ್ಟು ಎಂದು ಪಕ್ಕದಲ್ಲೇ ಬಿಡಿಸಿ ಬರೆಯುತ್ತದೆ.

ಇನ್ನು 3.3ರ ವಿಚಾರ. ಇಂದಿನ ಬಹುತೇಕ ಡ್ರೈವ್‌ಗಳು ಓದುವಾಗ ಡಿಸ್ಕನ್ನು ಒಂದೇ ಸಮನಾಗಿ ತಿರುಗಿಸುತ್ತವೆ. ದತ್ತಾಂಶ ಒಳ ಅಂಚಿನಿಂದ ಹೊರಕ್ಕೆ ಸಾಗುತ್ತದೆ, ಹೊರಗಿನ ಸುತ್ತು ದೊಡ್ಡದಾದ್ದರಿಂದ ಒಂದು ತಿರುಗುವಿಕೆಯಲ್ಲಿ ಅಲ್ಲಿ ಹೆಚ್ಚು ಬೈಟ್‌ಗಳು ಸಿಗುತ್ತವೆ. ಡಿವಿಡಿಯಲ್ಲಿ ದತ್ತಾಂಶದ ಒಳ ತ್ರಿಜ್ಯ 24 ಮಿಲಿಮೀಟರ್, ಹೊರ ತ್ರಿಜ್ಯ ಸುಮಾರು 58 ಮಿಲಿಮೀಟರ್. ಹಾಗಾಗಿ ಅಂಚಿನಲ್ಲಿ 8 ಎಕ್ಸ್ ಮುಟ್ಟುವ ಡ್ರೈವ್ ಒಳಗೆ 3.3ರಿಂದಲೇ ಹೊರಡಬೇಕು. ಪೆಟ್ಟಿಗೆಯ ಮೇಲಿನದು ಗರಿಷ್ಠ ವೇಗವೇ ಹೊರತು ಸರಾಸರಿಯಲ್ಲ. 4.7 ಜಿಬಿಯ ಒಂದು ಪದರದ ಡಿವಿಡಿಯನ್ನು ಉದ್ದಕ್ಕೂ 8 ಎಕ್ಸ್‌ನಲ್ಲಿ ಓದಿದ್ದರೆ ಏಳು ನಿಮಿಷ ಸಾಕಿತ್ತು. ನಿಜದಲ್ಲಿ ಹತ್ತು ನಿಮಿಷ ಬೇಕಾಗುತ್ತದೆ. ಎರಡು ಪದರದ ಸಿನಿಮಾ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಎರಡನೆಯ ಪದರ ಹೊರಗಿನಿಂದ ಒಳಕ್ಕೆ ಬರುವುದರಿಂದ ಡಿಸ್ಕಿನ ಅರ್ಧ ಓದಿ ಮುಗಿಯುವವರೆಗೆ ವೇಗ ಏರಿ ಆಮೇಲೆ ಇಳಿಯುತ್ತದೆ. ಇದನ್ನು ತಿಳಿಯದವರು ಡಿಸ್ಕ್ ಹಾಳಾಗುತ್ತಿದೆಯೆಂದು ಗಾಬರಿಯಾಗಿ ನಕಲನ್ನು ಮಧ್ಯದಲ್ಲೇ ನಿಲ್ಲಿಸುತ್ತಾರೆ.

ಬರೆಯುವಾಗ ಡ್ರೈವಿನ ಸಾಮರ್ಥ್ಯದ ಜೊತೆಗೆ ಖಾಲಿ ಡಿಸ್ಕಿನ ಒಪ್ಪಿಗೆಯೂ ಬೇಕು. ಡಿಸ್ಕಿನಲ್ಲಿ ಮೊದಲೇ ಅಚ್ಚಾದ ಗುರುತನ್ನು ಓದಿ, ಅದಕ್ಕೆ ಯಾವ ವೇಗಗಳು ಹೊಂದುತ್ತವೆ ಎಂಬುದನ್ನು ಡ್ರೈವ್ ನಿರ್ಧರಿಸುತ್ತದೆ. ನಾವು 16 ಎಂದು ಆರಿಸಿದರೂ ಅದು 8ರಲ್ಲಿ ಬರೆಯಬಹುದು. ಆಗ ನಾವು ಕೇಳಿದ ವೇಗವನ್ನಲ್ಲ, ಡ್ರೈವ್ ಒಪ್ಪಿಕೊಂಡ ವೇಗವನ್ನು ಮತ್ತೆ ವಿಚಾರಿಸಿ ತೋರಿಸುವುದು ತಂತ್ರಾಂಶದ ಕರ್ತವ್ಯ.

ಆದ್ದರಿಂದ ತಂತ್ರಾಂಶ ರಚಿಸುವವರಲ್ಲಿ, ವಿಶೇಷವಾಗಿ ಮುಕ್ತ ತಂತ್ರಾಂಶಗಳಿಗೆ ತಿದ್ದುಪಡಿ ಕಳುಹಿಸಬಲ್ಲ ನಮ್ಮ ನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎಕ್ಸ್‌ನ ಜೊತೆಗೆ ಡಿಸ್ಕಿನ ಬಗೆಯನ್ನೂ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂಬುದನ್ನೂ ಬರೆಯಿರಿ, ಗರಿಷ್ಠ ವೇಗಕ್ಕೆ ಗರಿಷ್ಠ ಎಂದೇ ಹೆಸರಿಡಿ. ಡ್ರೈವ್‌ಗಳನ್ನು ಪರಿಚಯಿಸುವ ಕನ್ನಡದ ತಂತ್ರಜ್ಞಾನ ಅಂಕಣಗಳು ತುಂಬಿದ ಒಂದು ಡಿವಿಡಿಯನ್ನು ಓದಲು ಎಷ್ಟು ನಿಮಿಷ ಬೇಕಾಯಿತು ಎಂಬುದನ್ನೂ ಪ್ರಕಟಿಸಿದರೆ ಕೊಳ್ಳುವವರಿಗೆ ಬಹಳ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು