ಫೆಬ್ರುವರಿ 9 ನಮ್ಮ ಊರಲ್ಲೂ ನೆನಪಾಗಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮಕ್ಕನ ಮಗ ಮಾರಿಷಸ್‌ನಲ್ಲಿ ಕೆಲಸದಲ್ಲಿದ್ದಾನೆ. ಒಂದು ಸಲ ಫೆಬ್ರುವರಿ 1ರಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡಿದ. ಯಾಕಪ್ಪ, ಆಫೀಸ್ ಇಲ್ವಾ ಎಂದೆ. "ಇಲ್ಲ ಮಾವ, ಗುಲಾಮಗಿರಿ ಹೋದ ದಿನ ಅಂತ ಇವತ್ತು ಸರ್ಕಾರಿ ರಜೆ" ಎಂದ.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಅದೂ ನಮ್ಮ ಮಂಡ್ಯದ ಹಾಗೆ ಕಬ್ಬಿನ ಸೀಮೆ. ಮಡಗಾಸ್ಕರ್‌ನಿಂದ, ಆಫ್ರಿಕಾದ ಪೂರ್ವ ಕರಾವಳಿಯಿಂದ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಬಂದು ಅಲ್ಲಿ ದುಡಿಸಿದರು. 1835ರ ಫೆಬ್ರುವರಿ 1ಕ್ಕೆ ಬಿಡುಗಡೆ ಅಂತ ಆಯಿತು. ಆಮೇಲೂ ಕೆಲವು ವರ್ಷ "ಕೆಲಸ ಕಲಿಯಬೇಕು" ಎಂಬ ನೆಪ ಹೇಳಿ ಅದೇ ಯಜಮಾನರ ಹತ್ತಿರ ದುಡಿಸಿದರು. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳಿಗೆಲ್ಲ ಸೇರಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಆದರೆ ಅದು ಹೋಗಿದ್ದು ಯಜಮಾನರಿಗೆ, ದುಡಿದವರಿಗೆ ಒಂದು ಕಾಸೂ ಇಲ್ಲ. ಅಲ್ಲಿ ಲೆ ಮಾರ್ನ್ ಅಂತ ಒಂದು ಬೆಟ್ಟ ಇದೆ. ತಪ್ಪಿಸಿಕೊಂಡವರು ಬಚ್ಚಿಟ್ಟುಕೊಳ್ಳುತ್ತಿದ್ದ ಜಾಗ ಅದು. ಪ್ರತಿವರ್ಷ ಈ ದಿನ ದೇಶದ ದೊಡ್ಡವರೆಲ್ಲ ಅದರ ಬುಡಕ್ಕೆ ಹೋಗಿ ಹೂವಿಟ್ಟು ಬರುತ್ತಾರೆ.

ನಮ್ಮಲ್ಲಿ? ಜೀತ ಪದ್ಧತಿ ರದ್ದು ಮಾಡಿದ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 1976ರ ಫೆಬ್ರುವರಿ 9ರಂದು. ಆಗ ನಮ್ಮ ಮುಖ್ಯಮಂತ್ರಿ ದೇವರಾಜ ಅರಸು, ಪಕ್ಕದ ಹುಣಸೂರಿನವರು. ಆದರೂ ಆ ತಾರೀಕು ಯಾವುದು ಅಂತ ನಮ್ಮ ಹೋಬಳಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ, ಒಬ್ಬರಿಗೂ ಗೊತ್ತಿಲ್ಲ.

ಇದು ನನಗೆ ಪುಸ್ತಕದ ವಿಷಯ ಅಲ್ಲ. ನಮ್ಮ ತಾತ ತಂಗಿ ಮದುವೆಗೆ ಅಂತ ಇನ್ನೂರು ರೂಪಾಯಿ ಸಾಲ ತಂದು, ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಸೇರಿದವರು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಗೆ ಲೆಕ್ಕ. ವರ್ಷಕ್ಕೆ ಒಂದು ಕಂಬಳಿ, ಒಂದಿಷ್ಟು ರಾಗಿ, ಮಲಗೋದು ದನದ ಕೊಟ್ಟಿಗೆಯಲ್ಲಿ. ಅಸಲು ಕರಗಲೇ ಇಲ್ಲ, ಕೊನೆಗೆ ಎಮ್ಮೆ ಕಾಯಲು ನಮ್ಮಪ್ಪನನ್ನೂ ಕಳಿಸಿದರು, ಆಗ ಅಪ್ಪನಿಗೆ ಒಂಬತ್ತು ವರ್ಷ. ಕಾನೂನು ಬಂದ ಮೇಲೆ ಅಧಿಕಾರಿಗಳು ಬಿಡಿಸಲು ಬಂದರೆ, ತಾತ ಜೀಪು ನೋಡಿ, ಸಾಲಕ್ಕೆ ಹಿಡಿದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡು ಕಬ್ಬಿನ ಗದ್ದೆಯೊಳಗೆ ನುಗ್ಗಿಬಿಟ್ಟರಂತೆ. ಕತ್ತಲಾಗುವವರೆಗೆ ಹೊರಗೆ ಬರಲಿಲ್ಲ. ಅಪ್ಪ ಇದನ್ನು ಹೇಳುವಾಗ ಇವತ್ತಿಗೂ ಅವರ ಗಂಟಲು ಕಟ್ಟುತ್ತದೆ.

ಅದೆಲ್ಲ ಹಳೇ ಕಾಲ ಅನ್ನಬೇಡಿ. ಇಟ್ಟಿಗೆ ಗೂಡಿಗೆ, ಆಲೆಮನೆಗೆ, ಕಬ್ಬು ಕಡಿಯಲು ಮುಂಗಡ ಕೊಟ್ಟು ಜನರನ್ನು ಕರೆತರುವುದು ಈಗಲೂ ಇದೆ. ಮುಂಗಡ ಕೊಟ್ಟವರೆಲ್ಲ ಕೆಟ್ಟವರಲ್ಲ, ಅದೂ ನಿಜ. ಆದರೆ ಆ ದುಡ್ಡು ತೀರುವವರೆಗೆ ಊರಿಗೆ ಹೋಗುವ ಹಾಗಿಲ್ಲ, ಬೇರೆ ಕಡೆ ಕೂಲಿಗೆ ಹೋಗುವ ಹಾಗಿಲ್ಲ ಅಂದರೆ ಅದು ಜೀತವೇ. ಅಂಥ ಸಾಲ ತೀರಿಸಬೇಕಾಗಿಲ್ಲ, ಕಾನೂನಿನ ಪ್ರಕಾರ ಅದು ಅಲ್ಲಿಗೇ ರದ್ದು. ಜೀತಕ್ಕಿಟ್ಟವರಿಗೆ 3 ವರ್ಷದವರೆಗೆ ಜೈಲು. ಬಿಡುಗಡೆ ಆದವರನ್ನು ಅವರು ಇರುವ ಮನೆಯಿಂದ ಎಬ್ಬಿಸುವ ಹಾಗೂ ಇಲ್ಲ. ಇಷ್ಟು ಗೊತ್ತಿದ್ದಿದ್ದರೆ ನಮ್ಮ ತಾತ ಗದ್ದೆಯೊಳಗೆ ಓಡುತ್ತಿರಲಿಲ್ಲ, ಅಲ್ವಾ?

ರಜೆ ಕೊಡಿ ಅಂತ ನಾನು ಕೇಳುತ್ತಿಲ್ಲ, ರಜೆ ನಮಗೆ ಈಗಲೇ ಜಾಸ್ತಿ. ಫೆಬ್ರುವರಿ 9ರಂದು ಮಂಡ್ಯ, ಮೈಸೂರು ಜಿಲ್ಲೆಯ ಪ್ರತಿ ಪಂಚಾಯಿತಿಯಲ್ಲಿ ಜನರನ್ನು ಕೂರಿಸಿಕೊಂಡು ಈ ಕಾನೂನನ್ನು ಸರಳ ಕನ್ನಡದಲ್ಲಿ ಜೋರಾಗಿ ಓದಿ ಹೇಳಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಇರುವುದೇ ಇದಕ್ಕೆ. ಆಲೆಮನೆ, ಗೂಡುಗಳ ಹತ್ತಿರವೂ ಹೋಗಲಿ, ಹೊರ ರಾಜ್ಯದವರಿದ್ದರೆ ಅವರ ಭಾಷೆಯಲ್ಲೇ ಹೇಳಲಿ. ಜೀತ ಮಾಡಿದ ಹಿರಿಯರು ಊರಲ್ಲಿ ಇನ್ನೂ ಇದ್ದರೆ ಮೊದಲು ಅವರಿಗೆ ಮಾತಾಡಲು ಬಿಡಲಿ.

ತಾತನ ಹೆಬ್ಬೆಟ್ಟಿರುವ ಆ ಪತ್ರ ನಮ್ಮನೆ ಟ್ರಂಕಿನಲ್ಲಿದೆ. ನಮ್ಮೂರಲ್ಲಿ ಸಭೆ ಮಾಡಿದರೆ ತಂದು ತೋರಿಸುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.

– ಒಬ್ಬ ಓದುಗ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ